ಯಜಮಾನಿಕೆಯ ಹುಚ್ಚು

ನಾಯಿ ಸಾಕಿದವರಿಗೆ ಊರ ತುಂಬ ಗುರುಗಳು. ಮರಿ ಮನೆಗೆ ಬಂದು ವಾರ ತುಂಬುವುದರೊಳಗೆ ಹಾಲಿನವರು, ಎದುರುಮನೆಯ ರಿಟೈರ್ಡ್ ಮೇಷ್ಟ್ರು, ಅಪಾರ್ಟ್‌ಮೆಂಟಿನ ಸೆಕ್ಯುರಿಟಿ, ಮರಿ ಮಾರಿದ ದಲ್ಲಾಳಿ ಎಲ್ಲರೂ ಒಂದೇ ಮಾತು ಹೇಳಿ ಹೋಗುತ್ತಾರೆ: "ಈಗಿಂದಲೇ ಹದ್ದುಬಸ್ತಿನಲ್ಲಿಡಿ ಸಾರ್. ಮನೇಲಿ ಯಜಮಾನ ಯಾರು ಅಂತ ಅದಕ್ಕೆ ಗೊತ್ತಾಗಬೇಕು. ಸಲಿಗೆ ಕೊಟ್ರೆ ತಲೆ ಮೇಲೆ ಕೂರುತ್ತೆ." ಹಳ್ಳಿಯಲ್ಲಿ ಈ ಉಪದೇಶ ಜಾರಿಗೆ ಬರಲು ಒಂದು ಕೋಲು, ಒಂದು ಸರಪಳಿ ಸಾಕು. ಬೆಂಗಳೂರಿನಲ್ಲಿ ಅದಕ್ಕೆ 'ಆಲ್ಫಾ' ಎಂಬ ಹೆಸರು ಬೇಕು, ತಿಂಗಳ ಫೀಸು ಬೇಕು, ಬೆನ್ನ ಮೇಲೆ ತೋಳದ ಚಿತ್ರ ಇರುವ ಟೀ ಶರ್ಟಿನ ಟ್ರೇನರ್ ಬೇಕು. ಒಳಗಿನ ಸರಕು ಎರಡೂ ಕಡೆ ಒಂದೇ. ನಾಯಿ ಸದಾ ಮನೆಯ ಗದ್ದುಗೆಗೆ ಹೊಂಚು ಹಾಕಿಕೊಂಡಿರುತ್ತದೆ, ನಾವು ಅದನ್ನು ಹೆದರಿಸಿ ಕೆಳಗಿಡದಿದ್ದರೆ ಅದು ನಮ್ಮನ್ನು ಕೆಳಗಿಡುತ್ತದೆ ಎಂಬ ನಂಬಿಕೆ.

ಈ ನಂಬಿಕೆ ಸುಳ್ಳು. ಬರೀ ಸುಳ್ಳಾಗಿದ್ದರೆ ಹೋಗಲಿ ಬಿಡಿ ಎನ್ನಬಹುದಿತ್ತು, ಸಾಕುಪ್ರಾಣಿಗಳ ಬಗ್ಗೆ ನಾವು ನಂಬಿಕೊಂಡಿರುವ ನಿರುಪದ್ರವಿ ಸುಳ್ಳುಗಳು ಬೇಕಾದಷ್ಟಿವೆ. ಇದು ಉಪದ್ರವಿ. ನಾಯಿ ಕಚ್ಚದಿರಲಿ ಎಂದು ಮಾಡುವ ಈ ಉಪಾಯ ಕಚ್ಚುವ ನಾಯಿಗಳನ್ನು ತಯಾರು ಮಾಡುತ್ತದೆ. ಅದಕ್ಕಿಂತ ಕೆಟ್ಟದ್ದೆಂದರೆ, ನೋವಿನಲ್ಲಿರುವ ನಾಯಿಯನ್ನು ಸೊಕ್ಕಿನ ನಾಯಿ ಎಂದು ತೋರಿಸಿಕೊಟ್ಟು, ಡಾಕ್ಟರ ಹತ್ತಿರ ಹೋಗಬೇಕಾದದ್ದನ್ನು ಟ್ರೇನರ್ ಹತ್ತಿರ ಕಳಿಸುತ್ತದೆ.

ಈ 'ಆಲ್ಫಾ' ಎಲ್ಲಿಂದ ಬಂತೆಂದು ಹಿಂದಕ್ಕೆ ಹೋದರೆ ಸಿಗುವುದು ಸ್ವಿಟ್ಜರ್‌ಲೆಂಡಿನ ಬಾಸೆಲ್ ಮೃಗಾಲಯ. ಅಲ್ಲಿ ಬೇಲಿಯೊಳಗೆ ಕೂಡಿಹಾಕಿದ್ದ ತೋಳಗಳನ್ನು ರುಡಾಲ್ಫ್ ಶೆಂಕೆಲ್ ಎಂಬ ಸಂಶೋಧಕರು ಬಹುಕಾಲ ನೋಡಿ 1947ರಲ್ಲಿ ಒಂದು ಪ್ರಬಂಧ ಪ್ರಕಟಿಸಿದರು. ತೋಳಗಳು ಸ್ಥಾನಕ್ಕಾಗಿ ಸದಾ ಕಾದಾಡುತ್ತವೆ, ಗೆದ್ದ ಜೋಡಿ, ಅಂದರೆ 'ಆಲ್ಫಾ', ಗುಂಪನ್ನು ಆಳುತ್ತದೆ ಎಂಬುದು ಅದರ ಸಾರ. ನೋಡಿದ್ದನ್ನು ಅವರು ಪ್ರಾಮಾಣಿಕವಾಗಿಯೇ ಬರೆದರು. ಆದರೆ ನೋಡಿದ್ದು ಎಂಥ ತೋಳಗಳನ್ನು? ಜಗಳವಾದರೆ ದೂರ ಹೋಗಲು ಜಾಗವಿಲ್ಲದ, ಬೇಟೆಯಿಲ್ಲದ, ತಮ್ಮ ಜೊತೆ ಯಾರಿರಬೇಕು ಎಂಬ ಆಯ್ಕೆಯೂ ಇಲ್ಲದ ತೋಳಗಳನ್ನು. ಜೈಲಿನ ಬ್ಯಾರಕ್ ನೋಡಿ ಬಂದು ಮನುಷ್ಯರ ಸಂಸಾರ ನಡೆಯುವುದು ಹೀಗೇ ಎಂದು ಬರೆದಂತಾಯಿತು.

ಅಮೆರಿಕದ ಡೇವಿಡ್ ಮೀಚ್ ತೋಳಗಳ ಬಗ್ಗೆ 1970ರಲ್ಲಿ ಬರೆದ ದೊಡ್ಡ ಪುಸ್ತಕ ಈ 'ಆಲ್ಫಾ'ವನ್ನು ಜಗತ್ತಿಗೆಲ್ಲ ಹಂಚಿತು. ಮುಂದೆ ಅದೇ ಮೀಚ್ 1986ರಿಂದ ವರ್ಷ ವರ್ಷವೂ ಬೇಸಿಗೆಯಲ್ಲಿ ಕೆನಡಾದ ಉತ್ತರ ತುದಿಯ ಎಲ್ಸ್‌ಮಿಯರ್ ದ್ವೀಪಕ್ಕೆ ಹೋಗಿ, ಮನುಷ್ಯರ ಭಯವಿಲ್ಲದ ಕಾಡುತೋಳಗಳನ್ನು ಹತ್ತಿರದಿಂದ ನೋಡಿದರು. ಅಲ್ಲಿ ಗದ್ದುಗೆಯ ಜಗಳ ಕಾಣಲಿಲ್ಲ. ಗುಂಪು ಎಂದರೆ ಅಪ್ಪ, ಅಮ್ಮ, ಈ ವರ್ಷದ ಮರಿಗಳು, ಹೋದ ವರ್ಷದ ಮರಿಗಳು. ಬೆಳೆದ ಮರಿಗಳು ಅಪ್ಪನನ್ನು ಸೋಲಿಸಿ ಪಟ್ಟಕ್ಕೇರುವುದಿಲ್ಲ. ಮನೆ ಬಿಟ್ಟು ಹೋಗಿ, ಜೋಡಿ ಹುಡುಕಿಕೊಂಡು, ತಮ್ಮದೇ ಸಂಸಾರ ಕಟ್ಟುತ್ತವೆ. 1999ರಲ್ಲಿ ಮೀಚ್ ಇದನ್ನು ಬರೆದು, ಕಾಡಿನ ತೋಳಗಳಿಗೆ 'ಆಲ್ಫಾ' ಎಂಬ ಹೆಸರು ಸಲ್ಲದು ಎಂದರು. ತಮ್ಮ ಹಳೆಯ ಪುಸ್ತಕವನ್ನು ಇನ್ನು ಅಚ್ಚು ಹಾಕಬೇಡಿ ಎಂದು ಪ್ರಕಾಶಕರನ್ನೇ ಕೇಳಿಕೊಂಡರು. ಆ ಕಲ್ಪನೆಯನ್ನು ಊರೂರಿಗೆ ಮುಟ್ಟಿಸಿದ ಮನುಷ್ಯನೇ ಅದನ್ನು ಕೈಬಿಟ್ಟು ಕಾಲು ಶತಮಾನವಾಯಿತು. ನಮ್ಮ ಬಡಾವಣೆಯ ಟ್ರೇನರ್ ಇನ್ನೂ ಬಿಟ್ಟಿಲ್ಲ.

ನಾಯಿಯನ್ನು ಅಂಗಾತ ಕೆಡವಿ, ಕತ್ತು ಅದುಮಿ ಹಿಡಿದು, ಅದು ಮಿಸುಕಾಡುವುದು ನಿಲ್ಲಿಸುವವರೆಗೆ ಬಿಡದಿರುವ ಒಂದು 'ಟೆಕ್ನಿಕ್' ಇದೆ. ಇದರ ಪ್ರಚಾರಕರಲ್ಲಿ ಮುಖ್ಯರು ನ್ಯೂಯಾರ್ಕ್ ರಾಜ್ಯದ ನ್ಯೂ ಸ್ಕೀಟ್ ಎಂಬ ಮಠದ ಸನ್ಯಾಸಿಗಳು. ಜರ್ಮನ್ ಶೆಫರ್ಡ್ ಸಾಕುತ್ತಿದ್ದ ಅವರ ಪುಸ್ತಕ 1978ರಲ್ಲಿ ಬಂದು ಭಾರಿ ಮಾರಾಟವಾಯಿತು. 2002ರ ಪರಿಷ್ಕೃತ ಆವೃತ್ತಿಯಲ್ಲಿ ಅವರು ಈ ಸಲಹೆಯನ್ನು ಹಿಂತೆಗೆದುಕೊಂಡು, ಹೀಗೆ ಮಾಡಬೇಡಿ ಎಂದರು. ಮಠದವರಿಗಾದರೂ ಪಶ್ಚಾತ್ತಾಪ ಸುಲಭ ಎನ್ನಿ.

ತೋಳದ ಮಾತು ಇಷ್ಟು ಸಾಕು, ಏಕೆಂದರೆ ನಾಯಿ ತೋಳವಲ್ಲ. ಸಾವಿರಾರು ವರ್ಷ ಮನುಷ್ಯರ ತಿಪ್ಪೆ, ಹಟ್ಟಿ, ಅಡುಗೆಮನೆಯ ಹಿಂಬಾಗಿಲನ್ನು ನಂಬಿಕೊಂಡು ಬದುಕಿದ ಪ್ರಾಣಿ ಅದು. ಅದರ ಸ್ವಭಾವ ತಿಳಿಯಲು ಉತ್ತರ ಧ್ರುವದ ಕಡೆ ಹೋಗಬೇಕಾಗಿಲ್ಲ, ನಮ್ಮ ಬೀದಿಗೆ ಇಳಿದರೆ ಸಾಕು. ಕೋಲ್ಕತ್ತಾದ ಐಸರ್ ಸಂಸ್ಥೆಯಲ್ಲಿ ಅನಿಂದಿತಾ ಭದ್ರ ಮತ್ತು ಅವರ ವಿದ್ಯಾರ್ಥಿಗಳು ಬಹಳ ವರ್ಷಗಳಿಂದ ಇದೇ ಕೆಲಸ ಮಾಡುತ್ತಿದ್ದಾರೆ. 2017ರಲ್ಲಿ ಪ್ರಕಟವಾದ ಅವರ ಒಂದು ಪ್ರಯೋಗದಲ್ಲಿ, ಪರಿಚಯವೇ ಇಲ್ಲದ ವ್ಯಕ್ತಿಯೊಬ್ಬರು ಕೆಲವು ಬೀದಿನಾಯಿಗಳಿಗೆ ಮತ್ತೆ ಮತ್ತೆ ತಿಂಡಿ ಕೊಟ್ಟರು, ಇನ್ನು ಕೆಲವಕ್ಕೆ ತಲೆ ಸವರಿದರು. ಕೊನೆಗೆ ಆ ವ್ಯಕ್ತಿಯ ಮೇಲೆ ಹೆಚ್ಚು ವಿಶ್ವಾಸ ಬೆಳೆಸಿಕೊಂಡದ್ದು ತಿಂಡಿ ತಿಂದವಲ್ಲ, ತಲೆ ಸವರಿಸಿಕೊಂಡವು. ಕಲ್ಲೇಟು, ಬಿಸಿನೀರು, ಬೈಗುಳ ತಿಂದು ಬೆಳೆದ ನಾಯಿಗಳ ಮಾತಿದು. ಇಂಥ ಪ್ರಾಣಿ ನಿಮ್ಮ ಸೋಫಾ ಹತ್ತಿ ಕುಳಿತರೆ ಅದಕ್ಕೆ ರಾಜಕೀಯ ಮಹತ್ವಾಕಾಂಕ್ಷೆ ಕಾರಣವೆಂದು ಹೇಳಲು ಬಹಳ ಧೈರ್ಯ ಬೇಕು. ಸೋಫಾ ಮೆತ್ತಗಿದೆ, ನಿಮ್ಮ ವಾಸನೆ ಇದೆ, ಅಷ್ಟೇ.

ಈಗ ಕಚ್ಚುವ ವಿಷಯಕ್ಕೆ ಬರೋಣ. ನಾಯಿ ಏಕಾಏಕಿ ಕಚ್ಚಿತು ಎಂದು ಜನ ಹೇಳುತ್ತಾರೆ. ಏಕಾಏಕಿ ಕಚ್ಚುವ ನಾಯಿ ಅಪರೂಪ. ಮೊದಲು ಅದು ಮುಖ ತಿರುಗಿಸುತ್ತದೆ. ನಿದ್ದೆ ಬಾರದಿದ್ದರೂ ಆಕಳಿಸುತ್ತದೆ. ಊಟ ಇಲ್ಲದಿದ್ದರೂ ತುಟಿ ನೆಕ್ಕಿಕೊಳ್ಳುತ್ತದೆ. ಕಣ್ಣಿನ ಬಿಳಿ ಕಾಣುವಂತೆ ಓರೆಯಾಗಿ ನೋಡುತ್ತದೆ, ಮೈ ಸೆಟೆಸಿ ನಿಲ್ಲುತ್ತದೆ. ಇದ್ಯಾವುದೂ ನಮಗೆ ಅರ್ಥವಾಗದಿದ್ದಾಗ ಗುರ್ ಎನ್ನುತ್ತದೆ. 'ನನಗೆ ಇದು ಬೇಡ, ದೂರ ಹೋಗು' ಎಂದು ಹೇಳಲು ಅದರ ಬಳಿ ಇರುವ ಅತ್ಯಂತ ಸ್ಪಷ್ಟವಾದ ಮಾತು ಅದು. ಯಜಮಾನಿಕೆಯ ಪಂಡಿತರು ಇಲ್ಲೇ ಎಡವುವುದು. "ನನಗೇ ಗುರ್ ಅಂತೀಯಾ?" ಎಂದು ಮೂತಿಯ ಮೇಲೊಂದು ಬಿಡುತ್ತಾರೆ. ನಾಲ್ಕು ಸಲ ಹೀಗಾದ ಮೇಲೆ ನಾಯಿ ಗುರ್ ಎನ್ನುವುದನ್ನು ನಿಲ್ಲಿಸುತ್ತದೆ. ಮನೆಯವರು ಸರಿಹೋಯಿತು ಎಂದುಕೊಳ್ಳುತ್ತಾರೆ. ಸರಿಹೋದದ್ದು ಸದ್ದು ಮಾತ್ರ. ಅದರ ಭಯ, ಸಿಟ್ಟು ಇದ್ದಲ್ಲೇ ಇದೆ, ಈಗ ಅದರ ಮೇಲೆ ಏಟಿನ ಭಯವೂ ಸೇರಿದೆ. ಮುಂದಿನ ಸಲ ಅದು ಎಚ್ಚರಿಕೆ ಕೊಡದೆ ನೇರವಾಗಿ ಬಾಯಿ ಹಾಕುತ್ತದೆ.

ಬಾಯಿ ಹಾಕುವುದು ಯಾರ ಮೇಲೆ? ರೇಬೀಸ್ ಶಂಕೆಯಿರುವ ಪ್ರಾಣಿಗಳಿಂದ ಕಚ್ಚಿಸಿಕೊಂಡವರಲ್ಲಿ ಶೇ. 40 ಮಂದಿ 15 ವರ್ಷದೊಳಗಿನ ಮಕ್ಕಳು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಮಗುವಿನ ಮುಖ ನಾಯಿಯ ಬಾಯಿಯ ಮಟ್ಟದಲ್ಲೇ ಇರುತ್ತದೆ. ದೊಡ್ಡವರು ಏಟು ಕೊಟ್ಟು ನಾಯಿಯ ಬಾಯಿ ಮುಚ್ಚಿಸಿದ್ದರ ಬೆಲೆ ತೆರುವುದು ಬಾಲ ಹಿಡಿದೆಳೆದ ಮೂರು ವರ್ಷದ ಕೂಸು. ಮಾತು ಬಂದಿದ್ದರಿಂದ ಹೇಳುತ್ತೇನೆ: ಕಚ್ಚಿದ ಗಾಯಕ್ಕೆ ಖಾರದಪುಡಿ, ಸುಣ್ಣ, ಅರಿಶಿನ ಮೆತ್ತಬೇಡಿ. ಹರಿಯುವ ನೀರಿನಲ್ಲಿ ಸೋಪು ಹಚ್ಚಿ ಹದಿನೈದು ನಿಮಿಷ ತೊಳೆದು ಆಸ್ಪತ್ರೆಗೆ ಓಡಿ. ಮನೆಯ ನಾಯಿಯೇ ಕಚ್ಚಿದ್ದು, ಸಣ್ಣ ಗೀರು ಎಂದು ಸುಮ್ಮನಿರಬೇಡಿ. ರೇಬೀಸ್ ಲಕ್ಷಣ ಕಾಣಿಸಿಕೊಂಡ ಮೇಲೆ ಮಾಡುವುದೇನೂ ಉಳಿದಿರುವುದಿಲ್ಲ.

ಅಂಕಿಸಂಖ್ಯೆ ಬೇಕೆನ್ನುವವರಿಗೆ ಅದೂ ಇದೆ. ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಪಶುವೈದ್ಯರು, ನಾಯಿಯ ನಡತೆ ಸರಿಯಿಲ್ಲವೆಂದು ತಮ್ಮಲ್ಲಿಗೆ ಬಂದ ಮಾಲೀಕರನ್ನು ಇದುವರೆಗೆ ಏನೇನು ಮಾಡಿದ್ದೀರಿ, ನಾಯಿ ಹೇಗೆ ಪ್ರತಿಕ್ರಿಯಿಸಿತು ಎಂದು ಕೇಳಿ 2009ರಲ್ಲಿ ಪ್ರಕಟಿಸಿದರು. ನಾಯಿಗೆ ಹೊಡೆದವರು, ಒದ್ದವರ ಪೈಕಿ ಶೇ. 43 ಮಂದಿ ನಾಯಿ ತಿರುಗಿಬಿತ್ತು ಎಂದರು. ಅಂಗಾತ ಕೆಡವಿ ಅದುಮಿದವರಲ್ಲಿ ಶೇ. 31, ಕಣ್ಣಲ್ಲಿ ಕಣ್ಣಿಟ್ಟು ದಿಟ್ಟಿಸಿ ಹೆದರಿಸಿದವರಲ್ಲಿ ಶೇ. 30. ನಾಯಿಯನ್ನು ಶಾಂತವಾಗಿಸಲು ಹೊರಟವರ ಲೆಕ್ಕ ಇದು. ಅಮೆರಿಕದ ಪ್ರಾಣಿ ನಡತೆಯ ಪಶುವೈದ್ಯರ ಸಂಘ 2008ರಲ್ಲೇ ಈ ಯಜಮಾನಿಕೆ ಸಿದ್ಧಾಂತದ ವಿರುದ್ಧ ಹೇಳಿಕೆ ಹೊರಡಿಸಿತ್ತು. 2021ರಲ್ಲಿ ಇನ್ನೂ ಮುಂದೆ ಹೋಗಿ, ಬಹುಮಾನದಿಂದ ಕಲಿಸುವ ವಿಧಾನಗಳನ್ನಷ್ಟೇ ಬಳಸಿ, ನೋವು ಹೆದರಿಕೆಯ ಉಪಕರಣಗಳು ಬೇಡ ಎಂದಿತು. ಚೋಕ್ ಚೈನ್, ಕತ್ತಿಗೆ ಮುಳ್ಳು ಒತ್ತುವ ಬೆಲ್ಟು, ಶಾಕ್ ಕೊಡುವ ಬೆಲ್ಟು ಎಲ್ಲ ಅದರಲ್ಲಿ ಬಂದವು. ಇವೆಲ್ಲ ನಮ್ಮಲ್ಲಿ ಫೋನಿನಲ್ಲಿ ಬುಕ್ ಮಾಡಿದರೆ ನಾಳೆ ಬಾಗಿಲಿಗೆ ಬರುತ್ತವೆ.

ನನಗೆ ಎಲ್ಲಕ್ಕಿಂತ ಹೆಚ್ಚು ಸಿಟ್ಟು ಬರಿಸುವುದು ಬೇರೊಂದು. ಮೈಸೂರಿನ ನಮ್ಮ ಬಡಾವಣೆಯಲ್ಲಿ ಒಂದು ಹಳದಿ ಲ್ಯಾಬ್ರಡಾರ್ ಇತ್ತು. ಮಕ್ಕಳು ಮೈಮೇಲೆ ಮಲಗಿದರೂ ಸುಮ್ಮನಿರುತ್ತಿದ್ದ ಸಾಧು ಪ್ರಾಣಿ. ಒಂದು ಮಳೆಗಾಲ, ಬೆಲ್ಟು ಹಾಕಲು ಹೋದರೆ ಗುರ್ ಎನ್ನತೊಡಗಿತು. ಆಮೇಲೆ ತಲೆ ಮುಟ್ಟಲು ಹೋದ ಮನೆಯ ಹುಡುಗನ ಕೈಗೆ ಬಾಯಿ ಹಾಕಿತು. ಕರೆಸಿದ್ದು ಟ್ರೇನರನ್ನು. ಆತ ಎರಡು ವರ್ಷ ತುಂಬಿದ ಗಂಡುನಾಯಿ ಮನೆಯಲ್ಲಿ ಅಧಿಕಾರ ಪರೀಕ್ಷೆ ಮಾಡುತ್ತಿದೆ ಎಂದು ವಿವರಿಸಿ, ಪಾರ್ಕಿನಲ್ಲಿ ಎಲ್ಲರೆದುರು ಚೋಕ್ ಚೈನ್ ಹಾಕಿ ಜಗ್ಗಿದ. ಪ್ರತಿ ಜಗ್ಗಿಗೂ ನಾಯಿ ಕಿರುಚುತ್ತಿತ್ತು, ತಲೆಯನ್ನು ಎಡಕ್ಕೆ ವಾಲಿಸಿಕೊಂಡು ನಿಲ್ಲುತ್ತಿತ್ತು. "ನಾಟಕ ಮಾಡ್ತಾ ಇದೆ ನೋಡಿ" ಎಂದ. ಕೊನೆಗೆ ನಾಯಿಯಿಂದ ಬರುತ್ತಿದ್ದ ವಾಸನೆ ತಡೆಯಲಾರದೆ ಮನೆಯವರು ಡಾಕ್ಟರ ಹತ್ತಿರ ಕರೆದುಕೊಂಡು ಹೋದರು. ಡಾಕ್ಟರು ಎಡಗಿವಿಯ ಹಾಳೆಯನ್ನು ಮೆಲ್ಲಗೆ ಮಗುಚಿದರೆ ಒಳಗೆಲ್ಲ ಕೆಂಪಗೆ ಊದಿಕೊಂಡು, ಕಪ್ಪುಕಂದು ಬಣ್ಣದ ಅಂಟು ಸೋರುತ್ತಿತ್ತು. ಚೋಕ್ ಚೈನು ಬಂದು ಕೂರುತ್ತಿದ್ದುದು ಸರಿಯಾಗಿ ಆ ಕಿವಿಯ ಬುಡಕ್ಕೆ. ಕಿವಿ ತೊಳೆದು, ಔಷಧಿ ಹಾಕಿ, ಗುಣವಾದ ಮೇಲೆ 'ಅಧಿಕಾರ ಪರೀಕ್ಷೆ' ನಿಂತುಹೋಯಿತು. ಟ್ರೇನರ್ ಫೀಸು ಹಿಂದಿರುಗಿಸಲಿಲ್ಲ.

ಇದು ಒಂದು ನಾಯಿಯ ಕಥೆಯಾಗಿದ್ದರೆ ಬರೆಯುತ್ತಿರಲಿಲ್ಲ. ಇಂಗ್ಲೆಂಡಿನ ಲಿಂಕನ್ ವಿಶ್ವವಿದ್ಯಾಲಯದ ಡೇನಿಯಲ್ ಮಿಲ್ಸ್ ಮತ್ತು ಸಂಗಡಿಗರು 2020ರಲ್ಲಿ ಬರೆದ ಪ್ರಕಾರ, ನಡತೆಯ ತೊಂದರೆಯೆಂದು ತಜ್ಞರ ಬಳಿ ಬರುವ ಪ್ರಾಣಿಗಳಲ್ಲಿ ಕಡಿಮೆಯೆಂದರೂ ಮೂರನೇ ಒಂದು ಪಾಲಿಗೆ ಎಲ್ಲೋ ನೋವಿರುತ್ತದೆ. ಹಾಗೆ ಯೋಚಿಸಿ ನೋಡಿದರೆ ನಮ್ಮ ಸುತ್ತಲ ಎಷ್ಟೋ 'ಕೆಟ್ಟ ನಾಯಿ'ಗಳು ಬೇರೆಯಾಗಿ ಕಾಣುತ್ತವೆ. ಮೆಟ್ಟಿಲು ಹತ್ತಲು ಹಠ ಮಾಡುವ, ಎತ್ತಲು ಹೋದರೆ ಕಚ್ಚಲು ಬರುವ ಜರ್ಮನ್ ಶೆಫರ್ಡಿಗೆ ಸೊಂಟದ ಕೀಲು ಸವೆದಿರಬಹುದು. ನಾಲ್ಕು ದಿನದಿಂದ ಮೂಲೆ ಹಿಡಿದು, ಕರೆದರೆ ಬಾರದೆ, ಹತ್ತಿರ ಹೋದರೆ ಗುರ್ ಎನ್ನುವ ನಾಯಿಯ ಕಿವಿಯ ಹಿಂದೆ, ಕಾಲ್ಬೆರಳ ಸಂದಿಯಲ್ಲಿ ನೋಡಿ, ಉಣ್ಣೆ ಸಿಕ್ಕರೂ ಸಿಕ್ಕಿತು. ಟಿಕ್ ಫೀವರ್ ನಮ್ಮ ಊರುಗಳಲ್ಲಿ ಮಾಮೂಲಿ. ಜ್ವರ, ಊಟ ಬಿಡುವುದು, ವಸಡು ಬಿಳಚಿಕೊಳ್ಳುವುದು, ಕೆಲವೊಮ್ಮೆ ಮೂಗಿನಲ್ಲಿ ರಕ್ತ. ರಕ್ತಪರೀಕ್ಷೆ ಮಾಡಿಸಿದರೆ ತಿಳಿಯುತ್ತದೆ, ಬೇಗ ಹಿಡಿದರೆ ಔಷಧಿಗೆ ಬಗ್ಗುತ್ತದೆ, ತಡವಾದರೆ ಪ್ರಾಣ ತೆಗೆಯುತ್ತದೆ. 'ಬೇಕಂತಲೇ' ಹಾಸಿಗೆ ಮೇಲೆ ಉಚ್ಚೆ ಹೊಯ್ಯುವ ಹೆಣ್ಣುನಾಯಿಗೆ ಮೂತ್ರದ ಸೋಂಕಿರಬಹುದು. ಗಟ್ಟಿ ಮೂಳೆ ಕಡಿದು ಹಲ್ಲು ಸೀಳಿಕೊಂಡ ನಾಯಿ ಮೂತಿ ಮುಟ್ಟಿಸಿಕೊಳ್ಳುವುದಿಲ್ಲ. ಕಿವಿ ಮಂದವಾದ, ಕಣ್ಣಿಗೆ ಪೊರೆ ಬಂದ ಮುದಿನಾಯಿಯನ್ನು ಮಲಗಿದಾಗ ಹಿಂದಿನಿಂದ ಮುಟ್ಟಿದರೆ ಅದು ಬೆಚ್ಚಿ ಬಾಯಿ ಹಾಕುತ್ತದೆ. ಇದರಲ್ಲಿ ಯಾವುದಕ್ಕೆ ಏಟು ಮದ್ದು?

ನಾಯಿ ನೋವನ್ನು ಮನುಷ್ಯರ ಹಾಗೆ ಅತ್ತು ತೋರಿಸುವುದಿಲ್ಲ. ಕುಂಟುತ್ತ ಕುಂಟುತ್ತಲೇ ಬಾಲ ಅಲ್ಲಾಡಿಸುತ್ತದೆ. ಅದಕ್ಕೇ ಸಾಧುವಾಗಿದ್ದ ನಾಯಿಯ ನಡತೆ ಇದ್ದಕ್ಕಿದ್ದಂತೆ ಬದಲಾಯಿತೆಂದರೆ ಮೊದಲು ಹುಡುಕಬೇಕಾದದ್ದು ರೋಗವನ್ನು. ಯಜಮಾನಿಕೆಯ ಸಿದ್ಧಾಂತ ಈ ಹುಡುಕಾಟವನ್ನೇ ಬೇಡವಾಗಿಸುತ್ತದೆ. ಉತ್ತರ ಮೊದಲೇ ಸಿದ್ಧವಿದೆಯಲ್ಲ: ಸೊಕ್ಕು.

ಊಟದ ತಟ್ಟೆಯ ಸುತ್ತ ಇದೇ ಸಿದ್ಧಾಂತದ ಇನ್ನಷ್ಟು ಮರಿಗಳಿವೆ. ಮರಿ ಉಣ್ಣುತ್ತಿರುವಾಗ ತಟ್ಟೆಗೆ ಕೈ ಹಾಕಿ, ಮಧ್ಯದಲ್ಲಿ ಕಿತ್ತುಕೊಂಡು ನೋಡಿ, ಗುರ್ ಎಂದರೆ ಹೊಡೆಯಿರಿ, ಆಗ ಅನ್ನ ಕೊಡುವವರು ಯಾರೆಂದು ಅದಕ್ಕೆ ಗೊತ್ತಾಗುತ್ತದೆ ಎನ್ನುತ್ತಾರೆ. ಗೊತ್ತಾಗುವುದು ಇಷ್ಟೇ, ಈ ಮನುಷ್ಯ ಹತ್ತಿರ ಬಂದರೆ ಅನ್ನ ಹೋಗುತ್ತದೆ. ಹಿಂದೆಂದೂ ತಟ್ಟೆ ಕಾಯದಿದ್ದ ಮರಿ ಆಮೇಲೆ ಕಾಯಲು ಶುರುಮಾಡುತ್ತದೆ. ಉಣ್ಣುವಾಗ ಹತ್ತಿರ ಹೋಗಿ, ತಟ್ಟೆಗೆ ಇನ್ನೊಂದು ಮಾಂಸದ ಚೂರೋ ಮೊಟ್ಟೆಯ ತುಂಡೋ ಹಾಕಿ ಬನ್ನಿ. ಕೆಲವು ದಿನಕ್ಕೆ ನೀವು ಬರುವುದನ್ನೇ ಅದು ಕಾಯತೊಡಗುತ್ತದೆ. ಉಳಿದಂತೆ ಉಣ್ಣುವವರನ್ನು ಉಣ್ಣಲು ಬಿಡುವುದು ನಮ್ಮ ಮನೆಗಳಲ್ಲಿ ಯಾರಿಗೂ ಹೇಳಿಕೊಡಬೇಕಾಗಿಲ್ಲದ ಮರ್ಯಾದೆ.

ಮಾಂಸ ಹಾಕಿದರೆ ನಾಯಿ ಕ್ರೂರವಾಗುತ್ತದೆ, ಹಸಿಮೆಣಸಿನಕಾಯಿ ತಿನ್ನಿಸಿದರೆ ಚುರುಕಾಗುತ್ತದೆ, ಅರೆಹೊಟ್ಟೆಯಲ್ಲಿಟ್ಟರೆ ಕಾವಲು ಚೆನ್ನಾಗಿ ಕಾಯುತ್ತದೆ. ಇವೂ ಅದೇ ಗಿಡದ ಕಾಯಿಗಳು. ಮೆಣಸಿನಕಾಯಿಯಿಂದ ಆಗುವುದು ಹೊಟ್ಟೆಯುರಿ, ಭೇದಿ. ಹಸಿದ ನಾಯಿ ಕಳ್ಳ ಎಸೆದ ಬನ್ನನ್ನೂ ಬಾಲ ಅಲ್ಲಾಡಿಸಿಕೊಂಡೇ ತಿನ್ನುತ್ತದೆ. ತೋಳಕ್ಕಿಂತ ನಾಯಿಗೆ ಹೆಚ್ಚಾಗಿರುವ ಒಂದು ಗುಣವಿದೆ, ಪಿಷ್ಟ ಅರಗಿಸಿಕೊಳ್ಳುವ ಶಕ್ತಿ. ಸ್ವೀಡನ್ನಿನ ವಿಜ್ಞಾನಿಗಳು 2013ರಲ್ಲಿ ಅದಕ್ಕೆ ಕಾರಣವಾದ ಜೀನುಗಳನ್ನು ಗುರುತಿಸಿದರು. ಹಾಗಾಗಿ ಅನ್ನ, ಮುದ್ದೆ ತಪ್ಪಲ್ಲ. ಬರೀ ಹಾಲು ಅನ್ನ ಮಾತ್ರ ತಪ್ಪು. ಬೆಳೆದ ಎಷ್ಟೋ ನಾಯಿಗಳಿಗೆ ಹಾಲು ಅರಗುವುದಿಲ್ಲ, ಮೈ ಕಟ್ಟಲು ಮೊಟ್ಟೆ, ಮಾಂಸ, ಮೀನಿನಂಥದ್ದೂ ಬೇಕು. ಈರುಳ್ಳಿ, ದ್ರಾಕ್ಷಿ, ಚಾಕಲೇಟು ವಿಷ. ಅರೆಹೊಟ್ಟೆಯ ನಾಯಿಯ ಕಿರಿಕಿರಿಯನ್ನು ಶೌರ್ಯ ಎಂದು ತಿಳಿದುಕೊಂಡವರಿಗೆ ಇದೆಲ್ಲ ಹೇಳುವವರು ಯಾರು?

ಇನ್ನು ಸರಪಳಿ. "ಹಗಲೆಲ್ಲ ಕಟ್ಟಿ ಹಾಕಿ ರಾತ್ರಿ ಬಿಟ್ಟರೆ ನಾಯಿ ಹುಲಿಯಾಗುತ್ತೆ" ಎಂಬುದು ಮಲೆನಾಡಿನ ತೋಟದ ಮನೆಯಿಂದ ಹಿಡಿದು ಬಯಲುಸೀಮೆಯ ರೈಸ್ ಮಿಲ್ಲಿನವರೆಗೆ ಎಲ್ಲರ ಬಾಯಲ್ಲೂ ಇರುವ ಮಾತು. ಕಟ್ಟಿದ ನಾಯಿಗೆ ಹೆದರಿಕೆಯಾದರೆ ಓಡಿಹೋಗಲು ದಾರಿಯಿಲ್ಲ, ಹಾಗಾಗಿ ಎದುರಿಗೆ ಬಂದದ್ದಕ್ಕೆಲ್ಲ ಬೊಗಳುವುದನ್ನೇ ಕಲಿಯುತ್ತದೆ. ಪೋಸ್ಟ್‌ಮ್ಯಾನ್, ಕೂಲಿಯಾಳು, ಶಾಲೆಗೆ ಹೋಗುವ ಹುಡುಗಿ, ಕಳ್ಳ ಎಲ್ಲರೂ ಅದಕ್ಕೆ ಒಂದೇ. ಎಲ್ಲರಿಗೂ ಬೊಗಳುವ ನಾಯಿಯ ಬೊಗಳುವಿಕೆಗೆ ಮನೆಯವರು ಹೊದಿಕೆ ಎಳೆದುಕೊಂಡು ಮಲಗುತ್ತಾರೆ, ಆಗ ಕಾವಲು ಎಲ್ಲಿ ಬಂತು? ಸರಪಳಿ ಕಳಚಿಕೊಂಡ ದಿನ ಕಚ್ಚುವುದಂತೂ ಕಳ್ಳನನ್ನಲ್ಲ, ದಾರಿಹೋಕರನ್ನು. ನಮ್ಮ ಕಾನೂನು ಇದನ್ನು ಯಾವತ್ತೋ ಹೇಳಿದೆ. ರುಕ್ಮಿಣಿ ದೇವಿ ಅರುಂಡೇಲ್ ರಾಜ್ಯಸಭೆಯಲ್ಲಿ ಹೋರಾಡಿದ್ದರ ಫಲವಾಗಿ ಬಂದ 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯ 11ನೇ ಸೆಕ್ಷನ್ನಿನಲ್ಲಿ, ಸದಾ ಕಟ್ಟಿಹಾಕಿದ ನಾಯಿಯನ್ನು ತಿರುಗಾಡಿಸದಿರುವುದು ಅಪರಾಧ ಎಂದು ನಾಯಿಯ ಹೆಸರು ಹಿಡಿದೇ ಬರೆದಿದೆ. ಮೊದಲ ಸಲದ ದಂಡ 10ರಿಂದ 50 ರೂಪಾಯಿ. ಮಸಾಲೆದೋಸೆಯೂ ಬರುವುದಿಲ್ಲ ಆ ದುಡ್ಡಿಗೆ.

ನಾಯಿಗಳ ಮೇಲಿನ ನಮ್ಮ ಆರೋಪಗಳಲ್ಲಿ ಅತ್ಯಂತ ಗಟ್ಟಿಯಾಗಿ ನಂಬಿರುವುದು ಇದು: ತಪ್ಪು ಮಾಡಿದ್ದು ಅದಕ್ಕೆ ಗೊತ್ತಿರುತ್ತದೆ. ಚಪ್ಪಲಿ ಹರಿದಿದೆ, ನಾಯಿ ಕಿವಿ ಮಡಚಿ, ಬಾಲ ಒಳಗೆಳೆದುಕೊಂಡು ಮೂಲೆಯಲ್ಲಿದೆ. "ಮುಖ ನೋಡಿ, ಕಳ್ಳ!" ನ್ಯೂಯಾರ್ಕಿನ ಬರ್ನಾರ್ಡ್ ಕಾಲೇಜಿನ ಅಲೆಕ್ಸಾಂಡ್ರಾ ಹೊರೊವಿಟ್ಜ್ 2009ರಲ್ಲಿ ಈ ಕಳ್ಳಮುಖವನ್ನು ಪರೀಕ್ಷೆಗೆ ಒಡ್ಡಿದರು. ಮಾಲೀಕರು ಬಿಸ್ಕತ್ತು ಮುಟ್ಟಬೇಡ ಎಂದು ನಾಯಿಗೆ ಹೇಳಿ ಹೊರಗೆ ಹೋಗುತ್ತಿದ್ದರು. ವಾಪಸು ಬಂದಾಗ ನಾಯಿ ತಿಂದಿದೆ ಎಂದೋ ತಿಂದಿಲ್ಲ ಎಂದೋ ಅವರಿಗೆ ಹೇಳಲಾಗುತ್ತಿತ್ತು, ಕೆಲವೊಮ್ಮೆ ಸುಳ್ಳುಸುಳ್ಳೇ. ತಿಂದಿತ್ತೋ ಇಲ್ಲವೋ ಎಂಬುದಕ್ಕೂ ಕಳ್ಳಮುಖಕ್ಕೂ ಸಂಬಂಧವೇ ಕಾಣಲಿಲ್ಲ. ಬೈದರೆ ಕಳ್ಳಮುಖ ಬರುತ್ತಿತ್ತು. ತಪ್ಪೇ ಮಾಡದೆ ಬೈಸಿಕೊಂಡ ನಾಯಿಗಳಲ್ಲಿ ಎಲ್ಲಕ್ಕಿಂತ ಹೆಚ್ಚು ಬಂತು. ನಾವು ಅಪರಾಧಪ್ರಜ್ಞೆ ಎಂದು ಓದುತ್ತಿರುವುದು ಹೆದರಿಕೆಯನ್ನು. ಸಂಜೆ ಆಫೀಸಿನಿಂದ ಬಂದು, ಬೆಳಗ್ಗೆ ಹರಿದ ಚಪ್ಪಲಿಯ ಲೆಕ್ಕಕ್ಕೆ ಕೊಡುವ ಏಟಿನಿಂದ ನಾಯಿ ಕಲಿಯುವುದು ಚಪ್ಪಲಿಯ ಬಗ್ಗೆ ಏನೂ ಅಲ್ಲ, ನೀವು ಮನೆಗೆ ಬರುವ ಹೊತ್ತಿನ ಬಗ್ಗೆ.

ಇಷ್ಟೆಲ್ಲ ಹೇಳಿದ ಮೇಲೂ ಒಂದು ವಾದ ಉಳಿಯುತ್ತದೆ, ಅದು ನಿಜಕ್ಕೂ ಬಲವಾದ ವಾದ: "ಆದರೆ ಕೆಲಸ ಆಗುತ್ತಲ್ಲ ಸಾರ್! ಟ್ರೇನರ್ ಬಂದು ಮೂರು ದಿನಕ್ಕೆ ನಾಯಿ ಹೇಳಿದಲ್ಲಿ ಕೂತಿತು, ತುಟಿಪಿಟಿಕ್ಕೆನ್ನಲಿಲ್ಲ." ಹೌದು, ಆಗುತ್ತದೆ. ಹೇಗೆ ಆಗುತ್ತದೆ ಎಂಬುದಕ್ಕೂ ಉತ್ತರವಿದೆ, ಅದೂ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಿಂದಲೇ. 1967ರಲ್ಲಿ ಅಲ್ಲಿ ಮಾರ್ಟಿನ್ ಸೆಲಿಗ್‌ಮನ್ ಮತ್ತು ಸ್ಟೀವನ್ ಮೇಯರ್ ನಾಯಿಗಳ ಮೇಲೆ ಒಂದು ಪ್ರಯೋಗ ಮಾಡಿದರು, ಈಗ ಯಾರೂ ಅನುಮತಿ ಕೊಡಲಾರದಂಥದ್ದು. ಏನು ಮಾಡಿದರೂ ನಿಲ್ಲದ ವಿದ್ಯುತ್ ಶಾಕನ್ನು ಕೆಲವು ನಾಯಿಗಳಿಗೆ ಕೊಟ್ಟರು. ಆಮೇಲೆ ಅವನ್ನು ಸಣ್ಣದೊಂದು ಅಡ್ಡಗಟ್ಟೆ ಹಾರಿದರೆ ಶಾಕ್ ತಪ್ಪಿಸಿಕೊಳ್ಳಬಹುದಾದ ಪೆಟ್ಟಿಗೆಗೆ ಬಿಟ್ಟರು. ಮೊದಲು ಶಾಕ್ ತಿನ್ನದ ನಾಯಿಗಳು ಬೇಗ ಹಾರಿ ಪಾರಾದವು. ಶಾಕ್ ತಿಂದಿದ್ದವುಗಳಲ್ಲಿ ಬಹುಪಾಲು ಹಾರಲಿಲ್ಲ, ಮಲಗಿ ಕುಂಯ್‌ಗುಟ್ಟುತ್ತ ಸಹಿಸಿಕೊಂಡವು. ತಾನು ಏನು ಮಾಡಿದರೂ ವ್ಯರ್ಥ ಎಂದು ಕಲಿತ ಪ್ರಾಣಿ ನೋಡುವವರ ಕಣ್ಣಿಗೆ ಬಹಳ ಶಾಂತವಾಗಿರುತ್ತದೆ. ಮೂರು ದಿನದಲ್ಲಿ ತುಟಿಪಿಟಿಕ್ಕೆನ್ನದಂತಾದ ನಾಯಿಯ ಬಾಲ ಎಲ್ಲಿದೆ, ಕಿವಿ ಹೇಗಿದೆ, ಕೊಟ್ಟ ತಿಂಡಿ ತೆಗೆದುಕೊಳ್ಳುತ್ತದೆಯೇ ನೋಡಿ. ಅದು ಪಾಠ ಕಲಿತಿದೆಯೋ ಆಸೆ ಬಿಟ್ಟಿದೆಯೋ ತಿಳಿಯುತ್ತದೆ.

ಪೊಲೀಸ್ ನಾಯಿ, ಮಿಲಿಟರಿ ನಾಯಿಗಳ ಉದಾಹರಣೆ ಕೊಡುವವರೂ ಇದ್ದಾರೆ. ಸ್ಫೋಟಕ ಹುಡುಕುವ ನಾಯಿಯ ಹ್ಯಾಂಡ್ಲರ್ ಜೇಬಿನಲ್ಲಿ ಏನಿದೆ ಎಂದು ಕೇಳಿ ನೋಡಿ. ಬಹುತೇಕ ಒಂದು ಚೆಂಡು. ವಾಸನೆ ಹಿಡಿದು ಸುಮ್ಮನೆ ಕೂತರೆ ಚೆಂಡು ಸಿಗುತ್ತದೆ ಎಂಬ ಒಂದೇ ಆಸೆಗೆ ಆ ನಾಯಿ ಗಂಟೆಗಟ್ಟಲೆ ಮೂಸುತ್ತದೆ. ಹೆದರಿಸಿ ಮೂಸಿಸುವುದು ಯಾರಿಂದಲೂ ಆಗುವುದಿಲ್ಲ.

ತಳಿಯ ಮೇಲೆ ತಪ್ಪು ಹೊರಿಸುವುದು ಇದೇ ರೋಗದ ಸರ್ಕಾರಿ ರೂಪ. 2024ರ ಮಾರ್ಚ್‌ನಲ್ಲಿ ಕೇಂದ್ರ ಸರ್ಕಾರ ರಾಟ್‌ವೀಲರ್, ಪಿಟ್‌ಬುಲ್ ಸೇರಿ 23 ತಳಿಗಳನ್ನು ನಿಷೇಧಿಸಲು ಸುತ್ತೋಲೆ ಹೊರಡಿಸಿತು. ಏಪ್ರಿಲ್‌ನಲ್ಲಿ ಕರ್ನಾಟಕ ಹೈಕೋರ್ಟ್ ಅದನ್ನು ರದ್ದು ಮಾಡಿತು. ರಾಟ್‌ವೀಲರ್ ಕಚ್ಚಿದರೆ ಗಾಯ ದೊಡ್ಡದು, ಅದನ್ನು ಸಾಕುವವರ ಮೇಲೆ ಹೆಚ್ಚಿನ ಜವಾಬ್ದಾರಿ ಹೊರಿಸಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಆ ನಾಯಿ ಯಾರ ಕಾರ್ ಶೆಡ್ಡಿನಲ್ಲಿ, ಎಷ್ಟುದ್ದದ ಸರಪಳಿಯಲ್ಲಿ ಬೆಳೆಯಿತು ಎಂದು ಯಾವ ಸುತ್ತೋಲೆಯೂ ಕೇಳುವುದಿಲ್ಲ.

ಹಾಗಾದರೆ ಮುದ್ದು ಮಾಡಿ ಹಾಳು ಮಾಡಬೇಕೆ? ಏಟು ಬೇಡ ಎಂದ ಕೂಡಲೇ ಈ ಪ್ರಶ್ನೆ ಬರುತ್ತದೆ, ನಡುವೆ ಬೇರೆ ಏನೂ ಇಲ್ಲವೇನೋ ಎಂಬಂತೆ. ನಾಯಿಗೆ ಕಟ್ಟುಪಾಡು ಬೇಕು, ಮನೆಯವರೆಲ್ಲರದೂ ಒಂದೇ ಕಟ್ಟುಪಾಡಾಗಿರಬೇಕು. ಅಜ್ಜಿ ಊಟದ ಮಧ್ಯೆ ಚಪಾತಿ ಎಸೆದು, ಮೊಮ್ಮಗ ಅದೇ ಕಾರಣಕ್ಕೆ ಬೈದರೆ ನಾಯಿ ಏನು ಮಾಡಬೇಕು? ಮೈಮೇಲೆ ಹಾರುವ ನಾಯಿಗೆ ಬೆನ್ನು ತಿರುಗಿಸಿ ನಿಲ್ಲಿ, ನಾಲ್ಕೂ ಕಾಲು ನೆಲಕ್ಕೆ ಬಂದ ಕ್ಷಣ ಮಾತಾಡಿಸಿ. ಚಪ್ಪಲಿಯನ್ನು ಗೂಡಿನಲ್ಲಿಡಿ, ಕಡಿಯಲು ಅದರದೇ ಆಟಿಕೆ ಕೊಡಿ. ಬೆಳಗ್ಗೆ ಸಂಜೆ ಓಡಾಡಿಸಿ, ಓಡಾಡಿಸುವಾಗ ಮೂಸಲು ಬಿಡಿ. ಮೂಸುವುದೇ ಅದಕ್ಕೆ ಪೇಪರ್ ಓದಿದ ಹಾಗೆ. ಎಲ್ಲಕ್ಕಿಂತ ಮುಖ್ಯ ಮರಿಯ ಮೊದಲ ತಿಂಗಳುಗಳು. ಅಮೆರಿಕದ ಜಾನ್ ಪಾಲ್ ಸ್ಕಾಟ್ ಮತ್ತು ಜಾನ್ ಫುಲ್ಲರ್ ದಶಕಕ್ಕೂ ಮಿಕ್ಕಿ ನಾಯಿಮರಿಗಳನ್ನು ಬೆಳೆಸಿ ನೋಡಿ 1965ರಲ್ಲಿ ಬರೆದದ್ದು ಇದನ್ನೇ: ಮೂರರಿಂದ ಹನ್ನೆರಡು ವಾರದ ನಡುವೆ ಮರಿ ಯಾರನ್ನು, ಏನನ್ನು ಕಂಡು ಒಗ್ಗಿಕೊಳ್ಳುತ್ತದೋ ಅದಕ್ಕೆ ಮುಂದೆ ಹೆದರುವುದು ಕಡಿಮೆ. ಮಕ್ಕಳು, ಛತ್ರಿ, ಸ್ಕೂಟರಿನ ಸದ್ದು, ಹೆಲ್ಮೆಟ್ ಹಾಕಿದ ಡೆಲಿವರಿ ಹುಡುಗ, ಕುಕ್ಕರಿನ ಸೀಟಿ, ಎಲ್ಲವನ್ನೂ ತಿಂಡಿಯ ಜೊತೆ ಪರಿಚಯ ಮಾಡಿಸಿ. ಲಸಿಕೆ ಪೂರ್ತಿಯಾಗುವವರೆಗೆ ಬೀದಿಯಲ್ಲಿ ನೆಲಕ್ಕೆ ಬಿಡದೆ ಎತ್ತಿಕೊಂಡು ತೋರಿಸಿದರಾಯಿತು. ಈ ವಾರಗಳನ್ನು ಮರಿ ದಲ್ಲಾಳಿಯ ಪಂಜರದಲ್ಲೋ ಸ್ಟೋರ್‌ರೂಮಿನಲ್ಲೋ ಕಳೆದಿದ್ದರೆ ಮುಂದೆ ಕಾಣುವ 'ಸೊಕ್ಕು' ಬಹಳಷ್ಟು ಸಲ ಈ ಕಾಲದಲ್ಲಿ ಪರಿಚಯವಾಗದೆ ಉಳಿದದ್ದರ ಭಯ.

ಟ್ರೇನರ್ ಬೇಡವೆಂದು ನಾನು ಹೇಳುತ್ತಿಲ್ಲ. ಒಳ್ಳೆಯವರಿದ್ದಾರೆ, ಹುಡುಕಿದರೆ ಸಿಗುತ್ತಾರೆ. ನಾಯಿಯನ್ನು ಒಪ್ಪಿಸುವ ಮೊದಲು ಮೂರು ವಿಷಯ ಕೇಳಿ. ನಾಯಿ ಸರಿಯಾಗಿ ಮಾಡಿದರೆ ನೀವು ಏನು ಕೊಡುತ್ತೀರಿ? ತಪ್ಪಿದರೆ ಏನು ಮಾಡುತ್ತೀರಿ? ತರಗತಿ ನಡೆಯುವಾಗ ನಾನು ಪಕ್ಕದಲ್ಲಿ ನಿಂತು ನೋಡಬಹುದೇ? ಮೂರನೆಯದಕ್ಕೆ ಬೇಡ ಎಂದರೆ, ಅಥವಾ ಕಳಿಸುವ ಮೊದಲು ಡಾಕ್ಟರಿಗೆ ತೋರಿಸಿದ್ದೀರಾ ಎಂದು ಅವರೇ ನಿಮ್ಮನ್ನು ಕೇಳದಿದ್ದರೆ, ಅಡ್ವಾನ್ಸ್ ಕೊಟ್ಟಿದ್ದರೂ ಚಿಂತೆಯಿಲ್ಲ, ನಾಯಿಯನ್ನು ಕರೆದುಕೊಂಡು ವಾಪಸು ಬನ್ನಿ. ದಾರಿಯಲ್ಲಿ ಪಶು ಆಸ್ಪತ್ರೆ ತೆರೆದಿದ್ದರೆ ಕಿವಿ, ಹಲ್ಲು, ಸೊಂಟ ಒಮ್ಮೆ ನೋಡಿಸಿಕೊಂಡೇ ಬನ್ನಿ.